ಕತ್ತರಿಸಿದ ಹಸಿರು ವೈರು

2025ರ ಫೆಬ್ರವರಿ 5, ಬುಧವಾರ ಬೆಳಿಗ್ಗೆ 9.40ಕ್ಕೆ ದಾಂಡೇಲಿಯ ಗ್ರಾಮೀಣ ಠಾಣೆಗೆ ಮಾಲವ್ವ ಬಂದಳು. ಬಂಗೂರನಗರದವಳು. ಗಂಡ ಮಲಕಪ್ಪ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಹಿಂದಿನ ಸಂಜೆ 5.20ಕ್ಕೆ ಹಳಿಯಾಳ ರಸ್ತೆಯಲ್ಲಿ ಅವನ ಬೈಕು ಮುಂದೆ ಹೋಗುತ್ತಿದ್ದ ಪಿಕಪ್ ಗಾಡಿಯ ಹಿಂಭಾಗಕ್ಕೆ ಬಡಿದಿತ್ತು. ಧಾರವಾಡದ ಆಸ್ಪತ್ರೆ ಮುಟ್ಟುವ ಮೊದಲೇ ಅವನ ಜೀವ ಹೋಗಿತ್ತು.

ಪಿಎಸ್ಐ ಶಾಂತಾದೇವಿ ಕುರ್ಚಿ ತೋರಿಸಿದರು. ಮಾಲವ್ವ ಕೂರಲಿಲ್ಲ.

"ಹಿಂದಿಂದ ಹೋಗಿ ಗುದ್ದಿದವಂದ ತಪ್ಪು ಅಂತ ಎಲ್ಲಾರೂ ಅನ್ನಾಕತ್ತಾರ್ರಿ. ಕುಡಿದಿದ್ದ ಅಂತ್ಲೂ ಅಂತಾರ. ನಮ್ಮವ್ರು ಒಂದ ದಿನಾ ಮುಟ್ಟಿದವ್ರಲ್ಲ."

"ಮತ್ತ ಹೆಂಗ ಆತು ಅಂತೀಯವಾ?"

"ಹಿಂದ ಬಸ್ ಬರ್ತಿತ್ತಂತ. ಅದರ ಕಂಡಕ್ಟರ್ ಹೇಳಿದ್ರು. ಆಕಳ ಅಡ್ಡ ಬಂತು, ಪಿಕಪ್ ಗಪ್ಪನ ನಿಂತತು, ಕೆಂಪು ಲೈಟ್ ಹತ್ತಲೇ ಇಲ್ಲ ಅಂತ."

10.15ಕ್ಕೆ ಎಫ್ಐಆರ್ ದಾಖಲಾಯಿತು. ಆರೋಪಿ: ಪಿಕಪ್ ಚಾಲಕ ಸಾಗರ, ಹಳಿಯಾಳ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣ. ಶಾಂತಾದೇವಿ ಕಂಡಕ್ಟರನ್ನು ಕರೆಸಿ ಹೇಳಿಕೆ ಪಡೆದರು. ಆತನ ಮಾತಿನಲ್ಲಿ ಏರುಪೇರು ಇರಲಿಲ್ಲ. ಮಧ್ಯಾಹ್ನ ಬಂದ ವೈದ್ಯರ ವರದಿಯಲ್ಲೂ ಮದ್ಯದ ಸುಳಿವಿರಲಿಲ್ಲ.

ಠಾಣೆಗೆ ಕರೆತಂದ ಸಾಗರನ ಕಣ್ಣು ಅತ್ತು ಬಾತಿತ್ತು.

"ಬ್ರೇಕ್ ಲೈಟ್ ಕೆಟ್ಟಿದ್ದು ನಿನಗ ಗೊತ್ತಿತ್ತೇನು?"

"ಇಲ್ರಿ ಮೇಡಂ. ನಾಳೆ ಗುರುವಾರ ಆರ್‌ಟಿಓ ಪಾಸಿಂಗ್ ಇತ್ತು, ಗಾಡಿ ಫಿಟ್ನೆಸ್ ಪರೀಕ್ಷಾ. ಅದಕ್ಕ ರವಿವಾರ ಎಲ್ಲಾ ಲೈಟ್ ನೋಡೀನಿ. ನಾ ಪೆಡಲ್ ಒತ್ತೀನಿ, ನನ್ನ ಹೆಂಡ್ತಿ ಲಕ್ಷ್ಮಿ ಹಿಂದ ನಿಂತು ನೋಡ್ಯಾಳ. ಎರಡೂ ಹತ್ತಿದ್ವು."

"ಸೋಮವಾರ?"

"ಗಾಡಿ ಸಾವ್ಕಾರ್ರ ಗೋದಾಮಿನ್ಯಾಗ ಇತ್ರಿ. ನನಗ ರಜಾ."

ಸಿಕ್ಕಿಬಿದ್ದ ಚಾಲಕರೆಲ್ಲ ಹೀಗೇ ಹೇಳುತ್ತಾರೆಂದು ಶಾಂತಾದೇವಿಗೆ ಗೊತ್ತಿತ್ತು. ಆದರೂ ಲಕ್ಷ್ಮಿಯನ್ನು ಬೇರೆಯಾಗಿ ಕೇಳಿದರು. ಅದೇ ಉತ್ತರ ಬಂತು.

3.30ಕ್ಕೆ ಠಾಣೆಯ ಅಂಗಳದಲ್ಲಿ, ಇಬ್ಬರು ಪಂಚರು ಮತ್ತು ಮೋಟಾರು ವಾಹನ ನಿರೀಕ್ಷಕರ ಎದುರು ಪಿಕಪ್ ಪರೀಕ್ಷೆ ಶುರುವಾಯಿತು. ಹೆಡ್ ಕಾನ್‌ಸ್ಟೆಬಲ್ ಶೇಖಪ್ಪ ಪೊಲೀಸ್ ವರ್ಕ್‌ಶಾಪಿನಲ್ಲಿ ಆರು ವರ್ಷ ಕಳೆದವರು. ಅಂಗಿಯ ತೋಳು ಮಡಚಿ, ಎರಡು ತಂತಿ ಕಟ್ಟಿದ ಪುಟ್ಟ ಟೆಸ್ಟ್ ಬಲ್ಬು ಹಿಡಿದು ಬಂದರು.

ಇಂಡಿಕೇಟರ್ ಮಿನುಗಿತು. ಹಿಂದಿನ ದೀಪಗಳು ಉರಿದವು. ಪೆಡಲ್ ಒತ್ತಿದರೆ ಮಾತ್ರ ಬ್ರೇಕ್ ಲೈಟ್ ಎರಡೂ ಕಪ್ಪು.

ಶೇಖಪ್ಪ ಒಂದು ಬಲ್ಬು ಬಿಚ್ಚಿ ನೇರ ಬ್ಯಾಟರಿಗೆ ಹಿಡಿದರು. ಹತ್ತಿತು. ಇನ್ನೊಂದೂ ಹತ್ತಿತು. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದರು, ಸರಿಯಿತ್ತು. ಪೆಡಲಿನ ಮೇಲಿನ ಸ್ವಿಚ್ಚಿಗೆ ಟೆಸ್ಟ್ ಬಲ್ಬು ಕೊಟ್ಟು ಒತ್ತಿಸಿದರು. ಅಲ್ಲಿಯೂ ಹತ್ತಿತು. ಹಿಂದಕ್ಕೆ ಹೋಗಿ ದೀಪದ ಸಾಕೆಟ್ಟಿಗೆ ಕೊಟ್ಟರು. ಇಲ್ಲ.

"ಕರೆಂಟ್ ಪೆಡಲ್ ದಾಟಿ ಹೊಂಟೈತ್ರಿ ಮೇಡಂ, ಹಿಂದ ಮುಟ್ಟಿಲ್ಲ. ನಡುವ ಎಲ್ಲೋ ಹರದೈತಿ."

ಅವರು ಗಾಡಿಯ ಕೆಳಗೆ ಅಂಗಾತ ಸರಿದರು. ಹತ್ತು ನಿಮಿಷ ಬರೀ ಟಾರ್ಚಿನ ಓಡಾಟ. ಆಮೇಲೆ ಸ್ಟೆಪ್ನಿ ಟೈರಿನ ಹಿಂದಿನಿಂದ ದನಿ ಬಂತು.

"ಹರದಿಲ್ರಿ. ಕತ್ತರಿಸ್ಯಾರ."

ಶಾಂತಾದೇವಿ ಸಮವಸ್ತ್ರ ಕೊಳೆಯಾದೀತೆಂದು ನೋಡದೆ ಮಣ್ಣಿನ ಮೇಲೆ ಮಲಗಿ ನೋಡಿದರು. ವೈರುಗಳ ಕಪ್ಪು ಪೈಪನ್ನು ಉದ್ದಕ್ಕೆ ಸೀಳಲಾಗಿತ್ತು. ಒಳಗಿನ ಏಳು ವೈರುಗಳಲ್ಲಿ ಒಂದು ಹಸಿರು ವೈರು ಮಾತ್ರ ಇಕ್ಕಳದಲ್ಲಿ ನೀಟಾಗಿ ತುಂಡಾಗಿತ್ತು. ಎರಡೂ ತುದಿಗೆ ಬೇರೆ ಬೇರೆಯಾಗಿ ಟೇಪು ಸುತ್ತಿ, ಟೇಪು ಬಿಚ್ಚದಂತೆ ಮೇಲೆ ಮೇಣದ ದಾರ ಬಿಗಿದಿತ್ತು.

"ಗಾಡಿ ಕೆಡಿಸಾಂವ ಯಾಕ ಇಷ್ಟು ಜ್ವಾಕಿ ಮಾಡ್ತಾನ?" ಎಂದರು ಶಾಂತಾದೇವಿ.

"ಬರೇ ಕತ್ತರಿಸಿ ಬಿಟ್ರ ಚಾಸಿ ಕಬ್ಬಿಣಕ್ಕ ತಾಗಿ ಶಾರ್ಟ್ ಆಗ್ತೈತ್ರಿ. ಗಾಡಿ ಸುಟ್ರೂ ಸುಡಬಹುದು. ಇವಗ ಲೈಟ್ ಹೋಗ್ಬೇಕಿತ್ತು, ಗಾಡಿಗೆ ಏನೂ ಆಗಬಾರದಿತ್ತು." ಶೇಖಪ್ಪ ಟಾರ್ಚನ್ನು ಎರಡು ಅಡಿ ಮುಂದೆ ಸರಿಸಿದರು. "ಇಲ್ನೋಡ್ರಿ. ಇದು ಹಳೇ ಜೋಡಣಿ, ಧೂಳು ಹಿಡದೈತಿ. ಅದೇ ಮೇಣದ ದಾರ, ಅದೇ ಗಂಟು."

ಎರಡರ ಫೋಟೋ ತೆಗೆದು, ಕತ್ತರಿಸಿದ ತುಂಡನ್ನು ಜಪ್ತಿ ಮಾಡಿ, 5.05ಕ್ಕೆ ಪಂಚನಾಮೆ ಮುಗಿಸಿದರು.

ಮರುದಿನ 10 ಗಂಟೆಗೆ ಹಳಿಯಾಳದ ಗೋದಾಮು. ಮಾಲೀಕ ಸಿದ್ದಲಿಂಗ ಕಿರಾಣಿ ಸಗಟು ವ್ಯಾಪಾರಿ. ಅವನ ಪಿಕಪ್ ಜೋಯಿಡಾದವರೆಗೂ ಸಾಮಾನು ಒಯ್ಯುತ್ತಿತ್ತು.

"ಸೋಮವಾರ ಗಾಡಿ ಹತ್ರ ಯಾರ ಬಂದಿದ್ರು?"

"ಯಾರೂ ಇಲ್ರಿ." ಆಮೇಲೆ ನೆನಪಾಗಿ, "ಅಡಿವೆಯ್ಯ ಬಂದಿದ್ದ. ಅವ ಹೊರಗಿನವ ಅಲ್ಲ ಬಿಡ್ರಿ. ಹನ್ನೊಂದು ವರ್ಷ ಆ ಗಾಡಿ ಅವನ ಓಡಿಸ್ಯಾನ. ಕಣ್ಣು ಮಂಜಾತು, ಲೈಸೆನ್ಸ್ ರಿನ್ಯೂ ಆಗ್ಲಿಲ್ಲ. ದಸರಾಕ್ಕ ಬಿಟ್ಟ. ಸಾಗರಗ ಸ್ಟೇರಿಂಗ್ ಹಿಡಿಯೂದು ಕಲಿಸಿದವನೂ ಅವನ. ಈಗೂ ಸೋಮವಾರಕ್ಕೊಮ್ಮೆ ಬಂದು ಗಾಡಿ ತೊಳದು ಹೋಗ್ತಾನ."

"ರಿಪೇರಿ ಯಾರು ಮಾಡ್ತಿದ್ರು?"

"ಅವನ. ಮೆಕ್ಯಾನಿಕ್ ಕೈ ಹಚ್ಚಾಕ ಬಿಡ್ತಿರಲಿಲ್ಲ."

ಅಡಿವೆಯ್ಯನ ಮನೆ ಗೋದಾಮಿನಿಂದ ಎರಡು ಓಣಿ ಆಚೆ. ಅರವತ್ತೆರಡರ ಆಳು, ಹಣೆಗೆ ವಿಭೂತಿ. ಪೊಲೀಸರನ್ನು ಕಂಡು ಎದ್ದು ನಿಂತ, ಯಾಕೆ ಬಂದಿರೆಂದು ಕೇಳಲಿಲ್ಲ. ಶಾಂತಾದೇವಿ ಹಳೆಯ ಜೋಡಣೆಯ ಫೋಟೋ ಕೊಟ್ಟರು. ಅವನು ಅದನ್ನು ಕಣ್ಣಿನ ಹತ್ತಿರ ಹಿಡಿದ.

"ಇದು ಯಾರು ಕಟ್ಟಿದ್ದು?"

"ನಾನ ರೀ. ಉಳವಿ ಘಟ್ಟದಾಗ ಇಲಿ ಕಡದಿತ್ತು. ಆರು ವರ್ಷ ಆತು."

"ಇದು?"

ಕತ್ತರಿಸಿದ ವೈರಿನ ಎರಡನೆಯ ಫೋಟೋವನ್ನೂ ಅವನು ಹಾಗೇ ಹಿಡಿದು ನೋಡಿದ. ಆಮೇಲೆ ಕೆಳಗಿಟ್ಟ.

"ಅದೂ ನಾನ ರೀ."

"ಯಾಕ?"

"ಪಾಸಿಂಗ್‌ದಾಗ ಫೇಲ್ ಆಗ್ಲಿ ಅಂತ. ಆ ಹುಡುಗಗ ವೈರಿಂಗ್ ತಿಳಿಯೂದಿಲ್ಲ. ಬಲ್ಬು ಬದಲಿ ಮಾಡ್ತಾನ, ಫ್ಯೂಸ್ ನೋಡ್ತಾನ, ಸುಮ್ಮನಾಗ್ತಾನ. ಆಗ ಸಾವ್ಕಾರ ಅಡಿವೆಯ್ಯನ್ನ ಕರೀರಿ ಅಂತಾನ. ನಾ ಹೋಗಿ ಐದ ನಿಮಿಷಕ್ಕ ಜೋಡಿಸ್ತಿದ್ದೆ."

"ಸೋಮವಾರ ಕತ್ತರಿಸಿದಿ. ಗುರುವಾರದ ತನಕ ಗಾಡಿ ರಸ್ತೆ ಮ್ಯಾಲೆ ಇರ್ತಿತ್ತು. ಹಿಂದ ಬರೂ ಮಂದಿ ಏನಾಗಬೇಕು?"

ಅಡಿವೆಯ್ಯ ಗೋಡೆಗೆ ಕೈ ಊರಿದ. "ಎಲ್ಲಾ ವಿಚಾರ ಮಾಡಿದ್ನಿರಿ ಮೇಡಂ. ಶಾರ್ಟ್ ಆಗಬಾರದು ಅಂತ ಟೇಪ್ ಸುದ್ದಾ ಸುತ್ತೀನಿ. ಹಿಂದ ಮನಷ್ಯಾ ಬರ್ತಾನ ಅನ್ನೂದು ಮಾತ್ರ ತೆಲಿಗೆ ಬರಲಿಲ್ಲ. ಜೀವನಾ ಪೂರ್ತಿ ಮುಂದ ನೋಡಿ ಓಡಿಸಿದವ."

11.50ಕ್ಕೆ ಅವನನ್ನು ಬಂಧಿಸಲಾಯಿತು. ಇಕ್ಕಳ, ಮೇಣದ ದಾರದ ಉಂಡೆ ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಸಿಕ್ಕವು. ಸಾಗರನ ಹೆಸರನ್ನು ಆರೋಪಿಯ ಸ್ಥಾನದಿಂದ ತೆಗೆದು ಸಾಕ್ಷಿಯಾಗಿಸಲು, ಕಲಂ ಬದಲಿಸಲು ಶಾಂತಾದೇವಿ ನ್ಯಾಯಾಲಯಕ್ಕೆ ಬರೆದರು. ಮಾಲವ್ವನಿಗೆ ತಾವೇ ಹೋಗಿ ತಿಳಿಸಿದರು. ಆಕೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ನಮ್ಮವರ ತಪ್ಪಿಲ್ಲ ಅಂತ ಕಾಗದದಾಗ ಬರದೀರೇನ್ರಿ?"

"ಬರದೀನಿ."

"ಆ ಮುದುಕಗ ನಮ್ಮ ಮ್ಯಾಲ ಏನರ ಸಿಟ್ಟಿತ್ತೇನ್ರಿ?"

"ಇಲ್ಲವಾ. ನಿಮ್ಮವರು ಯಾರಂತ್ಲೂ ಅವಗ ಗೊತ್ತಿಲ್ಲ."

ಮಾಲವ್ವ ಬಾಗಿಲು ಮುಂದೆ ಮಾಡಿ ಒಳಗೆ ಹೋದಳು.

ಸಿದ್ದಲಿಂಗ ಅಡಿವೆಯ್ಯನನ್ನು ಬೀದಿಗೆ ಬಿಟ್ಟಿರಲಿಲ್ಲ. ಗೋದಾಮಿನಲ್ಲಿ ಕುಳಿತುಕೊಳ್ಳುವ ಕೆಲಸ ಕೊಡಲು ಮುಂದಾಗಿದ್ದ, ಅಡಿವೆಯ್ಯನೇ ಒಲ್ಲೆನೆಂದಿದ್ದ. ಗಾಡಿಗೆ ತಾನು ಬೇಕು ಎಂದು ಯಾರಾದರೂ ಒಮ್ಮೆ ಹೇಳಬೇಕಿತ್ತು ಅವನಿಗೆ, ಅಷ್ಟೆ.

ವಾರದ ನಂತರ, ಜಪ್ತಿಯಾದ ಅಡಿವೆಯ್ಯನ ಮೊಬೈಲಿನ ಕರೆಗಳ ಪಟ್ಟಿ ಠಾಣೆಗೆ ಬಂತು. ಫೆಬ್ರವರಿ 4ರ ಸಂಜೆ 5.58, 6.04 ಮತ್ತು 6.31ಕ್ಕೆ ಸಿದ್ದಲಿಂಗನಿಂದ ಮೂರು ಕರೆ. ಶಾಂತಾದೇವಿ ಫೋನ್ ಮಾಡಿ ವಿಚಾರಿಸಿದಾಗ ಸಿದ್ದಲಿಂಗ ಹೇಳಿದ: ಬ್ರೇಕ್ ಲೈಟ್ ಹತ್ತಲಿಲ್ಲವೆಂದು ಜನ ಗಲಾಟೆ ಮಾಡುತ್ತಿದ್ದರು, ಅದಕ್ಕೆ ನೀನೇ ಬಂದು ನೋಡು ಎಂದು ಅಡಿವೆಯ್ಯನನ್ನು ಕರೆಯಲು ಫೋನ್ ಮಾಡಿದ್ದೆ.

ಆ ಕರೆಗಳ ಹೊತ್ತಿಗಾಗಲೇ ಅಪಘಾತದ ಸುದ್ದಿ ಹಳಿಯಾಳ ಮುಟ್ಟಿತ್ತು. ಅಡಿವೆಯ್ಯ ಮೂರು ಸಲವೂ ಫೋನ್ ಎತ್ತಿರಲಿಲ್ಲ.