ಕಡಲಹಸುವಿನ ದವಡೆ

ಇಂದುಬಾಯಿ ಬಟ್ಟೆಗಂಟು ಬಿಚ್ಚಿ ಕಂದು ಬಣ್ಣದ ದವಡೆಯೊಂದನ್ನು ಬಸಂತರಾಯರ ಪಡಸಾಲೆಯ ಮಂಚದ ಮೇಲಿಟ್ಟಾಗ ಜೈನುದ್ದೀನ ಚಹಾದ ಬಸಿ ಕೆಳಗಿಟ್ಟುಬಿಟ್ಟ.

"ಎತ್ತಿ ನೋಡ್ರಿ ಕಾಕಾ," ಎಂದಳು ಆಕೆ.

ಜೈನುದ್ದೀನ ಎತ್ತಿದ. "ಹಗುರ ಐತಲ್ರಿ ಬಾಯಿಯವರ. ಒಣಗಿದ ಸೋರೆಬುರುಡಿ ಇದ್ದಂಗ."

"ಹಗುರ ಇರಬಾರದ್ರಿ. ಅದಕ್ಕ ನಿಮ್ಮ ಕಡೆ ಓಡಿ ಬಂದೇನಿ."

ಬಸಂತರಾಯರು ಫೌಜದಾರಿಕೆಯಿಂದ ನಿವೃತ್ತರಾಗಿ ಸಿಂದಗಿಯಲ್ಲೇ ನೆಲೆ ನಿಂತವರು. ಅವರ ಕೈಕೆಳಗೆ ಪೊಲೀಸನಾಗಿದ್ದ ಜೈನುದ್ದೀನ ಈಗಲೂ ದಿನಾ ಮುಂಜಾನೆ ಅವರ ಪಡಸಾಲೆಗೆ ಹಾಜರಿ ಹಾಕುತ್ತಿದ್ದ. ಕಳುವಿನ ಮಾತಿಲ್ಲದೆ ಇಬ್ಬರಿಗೂ ಚಹಾ ರುಚಿಸುತ್ತಿರಲಿಲ್ಲ.

ಇಂದುಬಾಯಿ ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು, ಅಲ್ಲಿನ ಪುಟ್ಟ ಮ್ಯೂಜಿಯಮ್ಮಿಗೂ ಅವಳೇ ಒಡತಿ. ಬಾಗೇವಾಡಿಯವರಾದ ಅವಳ ಗುರುಗಳು ಕಚ್ಛದ ಸುಣ್ಣಕಲ್ಲಿನಲ್ಲಿ ಈ ದವಡೆಯನ್ನು ಕಂಡು ತಂದಿದ್ದರು. ಎರಡು ಕೋಟಿ ವರ್ಷದ ಹಿಂದೆ ಕಡಲ ತಳದ ಹುಲ್ಲು ಮೇಯುತ್ತಿದ್ದ ಕಡಲಹಸು ಎಂಬ ಪ್ರಾಣಿಯದು. ನೀರಲ್ಲಿ ಮುಳುಗಿ ಮೇಯಬೇಕಾದ್ದರಿಂದ ಅದರ ಎಲುಬು ಮೊದಲೇ ಗಟ್ಟಿ, ಈಗಂತೂ ಕಲ್ಲು. ಗುರುಗಳು ತೀರಿಕೊಂಡ ಮೇಲೆ ಇಂದುಬಾಯಿ ಸೂಜಿ ಹಿಡಿದು ವರ್ಷಗಟ್ಟಲೆ ಅದರ ಸುತ್ತಲಿನ ಸುಣ್ಣ ಕೆರೆದಿದ್ದಳು. ಅದು ಯಾರೂ ಕಾಣದ ಜಾತಿಯದೆಂದು ಗೊತ್ತಾಗಿತ್ತು. ಅದಕ್ಕೆ ಗುರುಗಳ ಹೆಸರಿಡಬೇಕೆಂದು ಪ್ರಬಂಧ ಬರೆದಿದ್ದಳು. ಸಂಜೆಯ ಬಸ್ಸಿಗೆ ಕಲಕತ್ತೆಯ ವಿದ್ವಾಂಸರು ಬಂದು, ಅಲ್ಲಿನ ದೊಡ್ಡ ಸಂಗ್ರಹಕ್ಕೆ ದವಡೆಯನ್ನು ಒಯ್ಯುವವರಿದ್ದರು.

"ಕಟ್ಟಿಕೊಡೋಣಂತ ಕಪಾಟು ತಗದೆ. ಒಳಗ ಇದು, ಹುಡುಗರಿಗೆ ಕಲಸಾಕ ನಾನ ಮಾಡಿದ ಪ್ಲಾಸ್ಟರಿನ ಅಚ್ಚು. ಮೂಲ ಎಲುಬು ಇಲ್ಲಂದ್ರ ಹೊಸ ಜಾತಿಗೆ ಗುರುಗಳ ಹೆಸರೂ ಇಲ್ರಿ. ಪ್ರಿನ್ಸಿಪಾಲರು ಸಂಜಿ ಒಳಗ ರಾಜೀನಾಮೆ ಬರೀರಿ ಅಂದಾರ. ಕಳ್ಳಿ ಅನಿಸಿಕೊಂಡು ಯಾವ ಊರಾಗ ಪಾಠ ಹೇಳಲಿ?"

"ಕೀಲಿಕೈ ಯಾರ ಕಡೆ ಇರ್ತೈತಿ ತಂಗಿ?" ಎಂದು ಕೇಳಿದರು ಬಸಂತರಾಯರು.

"ಬಾಗಿಲದ್ದು, ಕಪಾಟಿಂದು ಎರಡೂ ನನ್ನ ಕೊರಳಾಗ. ಒಂದು ದಿನಾನೂ ಯಾರಿಗೂ ಕೊಟ್ಟಿಲ್ರಿ."

ಬಸಂತರಾಯರು ರುಮಾಲು ಸುತ್ತಿಕೊಂಡರು. "ನಡಿ ಜೈನ್ಯಾ."

ಮ್ಯೂಜಿಯಮ್ಮಿನ ಬಾಗಿಲಲ್ಲೇ ಪ್ರಿನ್ಸಿಪಾಲ ಖಂಡೆಪ್ಪನವರು ಎದುರಾದರು. ಕಾಲೇಜಿಗಾಗಿ ಊರೂರು ತಿರುಗಿ ದೇಣಿಗೆ ಪಟ್ಟಿ ಎತ್ತಿದ ಮನುಷ್ಯ. "ಫೌಜದಾರ್ರ, ಇದು ಮನಿ ಮಾತು. ಬಾಯಿಯವರು ಮರ್ಯಾದಿಲೆ ಹೋದ್ರ ಮುಗೀತು," ಎಂದರು.

"ಹೋಗೋದು ಸಂಜಿಗೆ ಅಲ್ರಿ? ಇನ್ನೂ ಮಧ್ಯಾಹ್ನ ಐತಿ," ಎಂದು ಬಸಂತರಾಯರು ಒಳಗೆ ನಡೆದರು.

ಜೈನುದ್ದೀನನಿಗೆ ಯಾರ ಮುಖ ನೋಡಿದರೂ ಗುಮಾನಿ. ಜವಾನ ಯಂಕಪ್ಪ ಮೂಲೆಯಲ್ಲಿ ನಿಂತು ಬೆವರುತ್ತಿದ್ದ. ಭೂಗೋಳದ ಮಾಸ್ತರ ರೇವಪ್ಪ ಕೇಳುವ ಮೊದಲೇ ಹೇಳಿದ: "ಪ್ರಬಂಧದಾಗ ನನ್ನ ಹೆಸರೂ ಹಾಕ್ರಿ ಅಂದಿದ್ದೆ, ಹಾಕಲಿಲ್ಲ. ಜಗಳ ಆಡೇನಿ, ಸುಳ್ಳಲ್ಲ. ಹಂಗಂತ ನಾ ಕದ್ದೆ ಅಂದ್ರ ಹೆಂಗ?"

"ನಾವೆಲ್ಲಿ ಅಂದೇವು?" ಎಂದ ಜೈನುದ್ದೀನ, ಮನಸ್ಸಿನಲ್ಲಿ ಅಂದುಕೊಂಡೇ.

ಬಸಂತರಾಯರು ಕಡ್ಡಿಯೊಂದಕ್ಕೆ ಅರಳೆ ಸುತ್ತಿ ಕಪಾಟಿನ ಕೀಲಿಯ ತೂತಿನೊಳಗೆ ತಿರುವಿದರು. ಅರಳೆ ಕೆಂಪಗಾಗಿ ಬಂತು. ಮೂಸಿ ನೋಡಿದರು. "ಕುಂಕುಮ. ಕಪಾಟಿಗೆ ಪೂಜಿ ಮಾಡಿದ್ರೇನು ತಂಗಿ?"

"ಇಲ್ರಿ. ಮಹಾನವಮಿ ಖಂಡೇಪೂಜಿ ದಿನಾ ದವಡೆ ಒರೆಸಿಟ್ಟು ಕೀಲಿ ಹಾಕಿದೆ. ಪೂಜಿ ನಡದದ್ದು ದೊಡ್ಡ ಹಾಲಿನ್ಯಾಗ. ಆಮ್ಯಾಲೆ ಕಪಾಟು ತಗದದ್ದು ಇವತ್ತ."

"ಪೂಜಿಗೆ ಏನೇನು ಇಟ್ಟಿದ್ರಿ?"

"ಸೂಕ್ಷ್ಮದರ್ಶಕ, ಕತ್ತರಿ, ಸೂಜಿ..." ಅವಳ ಮಾತು ನಿಂತಿತು. ಕೈ ಕೊರಳಿಗೆ ಹೋಯಿತು. "ಎರಡೂ ಕೀಲಿಕೈನೂ ಇಟ್ಟಿದ್ದೆ! ದಸಮಿ ದಿನಾ ಪೂಜಿ ಇಳಿಸಿದ ಮ್ಯಾಲೆ ತೊಳದು ಹಾಕ್ಕೊಂಡೆ. ಆದ್ರ ದೇವರ ಮುಂದ ಇಟ್ಟದ್ದು... ಅದನ್ನ ಕೊಟ್ಟಂಗ ಅಂತಾರೇನ್ರಿ?"

"ಯಾರೂ ಅನ್ನೂದಿಲ್ಲ. ಪೂಜಿಗಿಟ್ಟ ಕುಡಗೋಲು ಇಳಿಸೂತನಾ ಯಾರರ ಮುಟ್ತಾರೇನು? ಅದಕ್ಕ ನಿನಗ ನೆನಪ ಆಗಲಿಲ್ಲ." ರಾಯರು ಯಂಕಪ್ಪನತ್ತ ತಿರುಗಿದರು. "ಹಾಲಿನ್ಯಾಗ ಯಾರಿದ್ರು?"

"ಹುಡುಗರು ಪಾಳಿ ಮ್ಯಾಲೆ ಭಜನಿ ಮಾಡಿದ್ರಿ ಯಪ್ಪಾ. ಬೆಳತನಕ ಒಂದು ಗಳಿಗಿನೂ ಹಾಲ್ ಖಾಲಿ ಇರಲಿಲ್ಲ."

ಜೈನುದ್ದೀನ ತಲೆ ಕೆರೆದುಕೊಂಡ. ಅಷ್ಟು ಕಣ್ಣುಗಳ ನಡುವೆ ಕೈ ಹಾಕಿದವನಾರು?

ರಾಯರು ಎಲ್ಲರನ್ನೂ ಕಪಾಟಿನ ಸುತ್ತ ಕೂರಿಸಿದರು.

"ಕುಂಕುಮ ಹತ್ತಿದ ಕೀಲಿಕೈ ಈ ತೂತಿನ್ಯಾಗ ಹೋಗೇತಿ. ತಂಗಿ ಅದನ್ನ ತೊಳದ ಹಾಕ್ಕೊಂಡಾಳ. ಅಂದ್ರ ಪೂಜಿ ಏರಿಸಿ ಇಳಿಸೂದ್ರೊಳಗ ಕೆಲಸ ಆಗೇತಿ. ಕದಿಯಾಕ ಬಂದವನು ಬದಲಿಗೆ ಅಚ್ಚು ಯಾಕ ಇಡ್ತಾನ? ಕಪಾಟು ಖಾಲಿ ಕಂಡ್ರ ಕಲಕತ್ತಿಯವರು ಬರಿಗೈಲೆ ಹೋಗ್ತಾರ, ಗದ್ದಲ ಆಗ್ತೈತಿ. ಅವರು ಅಚ್ಚನ್ನ ಎಲುಬಂತ ಒಯ್ಯಲಿ, ಎಲುಬು ಇಲ್ಲೇ ಉಳೀಲಿ. ಇದು ಆಸೆಗಿಂತ ಮಮತೆಯ ಕಳವು. ರೇವಪ್ಪ ಮಾಸ್ತರ್ರಿಗೆ ಎಲುಬಿನ ಮ್ಯಾಲೆ ಮಮತೆ ಇಲ್ಲ, ಹೆಸರಿನ ಮ್ಯಾಲೆ ಐತಿ. ಎಲುಬು ಹೋದ್ರ ಪ್ರಬಂಧಾನೂ ಹೋತು, ಹೆಸರೂ ಹೋತು. ಯಂಕಪ್ಪ ಪೂಜಿಗೆ ಕೈ ಹಚ್ಚಿದ್ರ ಹುಡುಗರು ಚೀರಿ ಮಾಳಿಗಿ ಹಾರಿಸ್ತಿದ್ರು."

ಅವರು ನಶ್ಯದ ಡಬ್ಬಿ ತೆಗೆದು, ಏರಿಸದೆ ಮತ್ತೆ ಮುಚ್ಚಿದರು.

"ಅಷ್ಟು ಮಂದಿ ಮುಂದ ಪೂಜಿ ಮುಟ್ಟಿದ್ರೂ ಯಾರ ಕಣ್ಣಿಗೂ ಬೀಳದ ಕೈ ಒಂದ. ಆರತಿ ಮಾಡಿದ ಕೈ. ಹೂವು ಸರಿ ಮಾಡಿದಂಗ ಮಾಡಿ ಕೀಲಿಕೈ ಎತ್ತಿ, ಮರುದಿನ ಇಳಿಸೂವಾಗ ಹೂವಿನ ಕೆಳಗ ಮತ್ತ ಇಟ್ಟ ಕೈ. ಪೂಜಿ ಯಾರು ಮಾಡಿದ್ರು ಯಂಕಪ್ಪ?"

ಯಂಕಪ್ಪನ ಕಣ್ಣು ಖಂಡೆಪ್ಪನವರ ಕಡೆ ಹೋಯಿತು.

ಪ್ರಿನ್ಸಿಪಾಲರು ಕಪಾಟಿನ ಖಾಲಿ ಹಲಗೆಯ ಮೇಲೆ ಕೈಯಿಟ್ಟರು. "ಈ ಕಾಲೇಜಿನ್ಯಾಗ ಏನೈತ್ರಿ? ಮುರುಕು ಬೆಂಚು, ಸೋರೋ ಮಾಳಿಗಿ. ಇದೊಂದು ನೋಡಾಕ ಇಂಡಿ, ಮುದ್ದೇಬಿಹಾಳದಿಂದ ಸಾಲಿ ಹುಡುಗರು ಚಕ್ಕಡಿ ಕಟ್ಟಿಕೊಂಡು ಬರ್ತಿದ್ರು. ಕಲಕತ್ತಿಗೆ ಹೋದ್ರ ನಮ್ಮ ಮಕ್ಕಳು ಯಾವಾಗ ನೋಡಬೇಕು? ಅಚ್ಚಿಗೆ ಬಣ್ಣ ಹಚ್ಚೇತಿ, ಅವರಿಗೆ ಗೊತ್ತಾಗೂದಿಲ್ಲ ಅಂದ್ಕೊಂಡೆ."

"ಇವತ್ತ ಗೊತ್ತಾದ ಮ್ಯಾಲೆ ಬಾಯಿ ಬಿಡಬೇಕಿತ್ತು," ಎಂದರು ರಾಯರು. "ಎಲುಬು ಇಟ್ಕೊಂಡದ್ದನ್ನ ಮನ್ನಿಸಬಹುದು. ಒಬ್ಬಾಕಿ ಹೊಟ್ಟಿ ಮ್ಯಾಲೆ ಕಾಲಿಟ್ಟದ್ದು ಹೆಂಗ ಮನ್ನಿಸೋದು?"

ಖಂಡೆಪ್ಪನವರು ಎದ್ದು ಮನೆಗೆ ನಡೆದರು. ಮರಳುವಾಗ ತಲೆಯ ಮೇಲೆ ಅರ್ಧ ಜೋಳದ ಚೀಲ. ತೇವ ತಾಗಬಾರದೆಂದು ಕಾಳಿನ ನಡುವೆ ಹುಗಿದಿದ್ದರಂತೆ.

ಇಂದುಬಾಯಿ ಕಾಳು ಸರಿಸಿ ದವಡೆಯನ್ನು ಎರಡೂ ಕೈಯಿಂದ ಎತ್ತಿದಳು. ಭಾರಕ್ಕೆ ಅವಳ ತೋಳು ಇಳಿಯಿತು, ಮುಖ ಅರಳಿತು. ಬೆರಳಾಡಿಸುತ್ತಾ ಹೋದವಳು ಒಂದೆಡೆ ನಿಂತಳು. ಹಿಂದಿನ ಹಲ್ಲೊಂದು ಚೂರು ಮುರಿದಿತ್ತು.

"ನನ್ನ ಕೈಲೆ ಆತು," ಎಂದರು ಖಂಡೆಪ್ಪನವರು. "ಸಂಜಿ ಅವರ ಮುಂದ ನಾನ ಹೇಳ್ತೇನಿ, ಬಾಯಿಯವರ ತಪ್ಪಿಲ್ಲಂತ. ನಾಳೆ ಹುಡುಗರ ಮುಂದನೂ ಹೇಳ್ತೇನಿ."

"ಹೇಳ್ರಿ. ನಾ ಬರೀತೇನಿ," ಎಂದಳು ಇಂದುಬಾಯಿ.

"ಏನು ಬರೀತೀರಿ?"

"ಎಲುಬಿನ ಜೊತಿ ಅದರ ಹಣೆಬರಾನೂ ಹೋಗಬೇಕ್ರಿ ಸರ. ಎಲ್ಲಿ ಸಿಕ್ತು, ಯಾರು ಕೆರದ್ರು, ಹೆಂಗ ಮುರೀತು. ನೂರು ವರ್ಷದ ಮ್ಯಾಲೆ ಯಾರರ ಈ ಹಲ್ಲು ನೋಡಿ, ಕಡಲಹಸು ಏನೋ ಗಟ್ಟಿ ಕಡದಿತ್ತು ಅಂತ ಮೋಸ ಹೋಗಬಾರದು. ಸಿಂದಗಿ ಕಾಲೇಜಿನ ಪ್ರಿನ್ಸಿಪಾಲ ಖಂಡೆಪ್ಪನವರು ಜೋಳದ ಚೀಲದಾಗ ಇಟ್ಟಾಗ ಮುರೀತು ಅಂತ ಬರೀತೇನಿ."

ಖಂಡೆಪ್ಪನವರು ಕಂಗಾಲಾದರು. "ನನ್ನ ಹೆಸರು ಹಾಕ್ತೀರಾ?"

"ಹಾಕಲೇಬೇಕ್ರಿ."

ಗೋಡೆಗೊರಗಿ ನಿಂತಿದ್ದ ರೇವಪ್ಪ ಮಾಸ್ತರ ಹೊಟ್ಟೆಕಿಚ್ಚಿನಿಂದ ಉಸಿರು ಬಿಟ್ಟ. "ನೋಡ್ರಿ ಜೈನುದ್ದೀನ ಸಾಹೇಬ್ರ," ಎಂದ, "ಕೇಳಿದವನಿಗೆ ಇಲ್ಲ, ಕದ್ದವನ ಹೆಸರು ಕಲಕತ್ತಿಗೆ ಹೊಂಟತು."