ಹೆಲೆನ್ ಮೇಡಂ ಕಾರ್ಡು ಉಜ್ಜಿದ ಶುಕ್ರವಾರ

ಒಂದಾನೊಂದು ಕಾಲದಲ್ಲಿ, ಅಂದರೆ ಚನ್ನಪಟ್ಟಣದ ಹೆದ್ದಾರಿಯುದ್ದಕ್ಕೂ ಫ್ಯಾಕ್ಟರಿಗಳೂ ಷೋರೂಮುಗಳೂ ಏಳತೊಡಗಿದ್ದ ಕಾಲದಲ್ಲಿ, ಒಬ್ಬಳು ರಾಜಕುಮಾರಿ ಇದ್ದಳು. ಅವಳಿಗೆ ಅರಮನೆ ಇರಲಿಲ್ಲ. ವೆಂಕಟಯ್ಯನವರ ಬೊಂಬೆ ಅಂಗಡಿಯ ಹಿಂದಿನ ಷೆಡ್ಡಿನಲ್ಲಿ ಒಂದು ಲೇತ್ ಮೆಷಿನ್ನು ಇತ್ತು. ಗಿರ್ರನೆ ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುವುದು ಅವಳ ಕೆಲಸ. ಹೆಸರು ರಾಧಾಮಣಿ. ಅಜ್ಜಿ ಸಿದ್ದಮ್ಮನ ಕಥೆ ಕೇಳಿ ಬೆಳೆದವಳಾದ್ದರಿಂದ ಏಳು ಸಮುದ್ರದಾಚೆಯ ರಾಕ್ಷಸಿಯ ಮೇಲೆ ಅವಳಿಗೆ ಪೂರಾ ನಂಬಿಕೆ. ಈಚೆಗೆ ಆ ರಾಕ್ಷಸಿಯ ಹೆಸರೂ ತಿಳಿದಿತ್ತು: ಹೆಲೆನ್.

ಷೆಡ್ಡಿನ ಕಿಟಕಿಯಿಂದ ಅಂಗಡಿಯ ಕೌಂಟರು ಕಾಣುತ್ತಿತ್ತು. ಕೌಂಟರಿನಲ್ಲಿ ಅನಂತರಾಜು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ಅವನ ನಗು ತನ್ನೊಬ್ಬಳದೇ ಎಂದು ರಾಧಾಮಣಿ ತಿಳಿದಿದ್ದಳು, ಅಂಗಡಿಗೆ ಕಾರ್ಡು ಉಜ್ಜುವ ಮೆಷಿನ್ನು ಬರುವವರೆಗೆ.

ಜರ್ಮನಿಯವರು ಎಷ್ಟೋ ಒಳ್ಳೆಯವರು. ನೋಟು ಎಣಿಸಿ ಕೊಟ್ಟು ಎರಡೇ ನಿಮಿಷದಲ್ಲಿ ಬಸ್ಸು ಹತ್ತುತ್ತಿದ್ದರು. ಇಟಲಿಯವರು ಎಷ್ಟೇ ಚೌಕಾಸಿ ಮಾಡಿದರೂ ಕೊನೆಗೆ ಕೊಡುತ್ತಿದ್ದುದು ನೋಟೇ. ಇಂಗ್ಲೆಂಡಿನವರು ಮಾತ್ರ ನಲವತ್ತು ರೂಪಾಯಿಯ ಬುಗುರಿಗೂ ಕ್ರೆಡಿಟ್ ಕಾರ್ಡು ಚಾಚುತ್ತಿದ್ದರು. ಮೆಷಿನ್ನು ಟೆಲಿಫೋನ್ ಲೈನು ಹಿಡಿದು, ಕುಂಯ್‌ಗುಟ್ಟಿ, ಚೀಟಿ ಉಗುಳಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವೂ ಮೇಡಂಗಳಿಗೆ ಸ್ಟೂಲು, ಕಾಫಿ, ಎಡಗೆನ್ನೆಯ ಗುಳಿ.

ಅವರ ದೇಶದಲ್ಲಿ ಹಾಗೇ ಎಂದು ಅನಂತರಾಜು ಒಮ್ಮೆ ವಿವರಿಸಿದ್ದ. ಇಂಗ್ಲೆಂಡಿನವರ ಪರ್ಸಿನಲ್ಲಿ ಮೂರ್ನಾಲ್ಕು ಕಾರ್ಡು. ಇವತ್ತು ತಗೊಂಡು ಮುಂದಿನ ತಿಂಗಳು ಕಟ್ಟುವುದು, ಆಗದಿದ್ದರೆ ಅದರ ಮುಂದಿನ ತಿಂಗಳು. ಜರ್ಮನಿಯವರಿಗೆ ಸಾಲವೆಂದರೆ ಮೈಮೇಲೆ ಇರುವೆ ಹತ್ತಿದಂತೆ. ಅಂದಿನಿಂದ ರಾಧಾಮಣಿ ಕಬ್ಬಾಳಮ್ಮನಿಗೆ ಕೈಮುಗಿಯುವಾಗ, ಜರ್ಮನಿಯವರನ್ನೇ ಕಳಿಸು ತಾಯಿ ಎಂದು ಬೇಡುತ್ತಿದ್ದಳು.

ತಾಯಿ ಕಳಿಸಿದ್ದು ಇಂಗ್ಲೆಂಡಿನ ಹೆಲೆನ್‌ಳನ್ನು. ಅದೂ ಒಂದೇ ವಾರದಲ್ಲಿ ಮೂರು ಸಲ. ಸೋಮವಾರ ಬುಗುರಿ, ಬುಧವಾರ ಗಿಲಕಿ, ಎರಡಕ್ಕೂ ಕಾರ್ಡು. ಶುಕ್ರವಾರ ಹನ್ನೊಂದು ಗಂಟೆಗೆ ಮತ್ತೆ ಹಾಜರು.

ಇವತ್ತೇ ಬರಬೇಕಿತ್ತೇ? ಸಾಯಂಕಾಲ ನಾಲ್ಕಕ್ಕೆ ಸೋಲೂರಿನ ಗಂಡಿನ ಕಡೆಯವರು ತಾಂಬೂಲ ಬದಲಾಯಿಸಲು ಬರುವವರಿದ್ದರು. ಅಜ್ಜಿ ಒಮ್ಮೆ ತಾಂಬೂಲ ಕೊಟ್ಟರೆ ಮುಗಿಯಿತು, ಮಾತು ತಪ್ಪುವವಳಲ್ಲ. ಅಷ್ಟರೊಳಗೆ, ಮಧ್ಯಾಹ್ನ ಹನ್ನೆರಡಕ್ಕೇ, ಹಿಂದಿನ ಬೀದಿಯ ಮನೆಗೆ ಬಂದು ಅಜ್ಜಿಯ ಹತ್ತಿರ ಹೆಣ್ಣು ಕೇಳುತ್ತೇನೆಂದು ಅನಂತರಾಜು ಮಾತು ಕೊಟ್ಟಿದ್ದ. ಇಂಥದೇ ಮಾತನ್ನು ಎರಡು ಸಲ ಕೊಟ್ಟು, ಅಂಗಡಿ ರಷ್ಷು ಎಂದು ಮುಂದೂಡಿಯೂ ಇದ್ದ.

ಹೆಲೆನ್ ಬುಟ್ಟಿ ತುಂಬ ಬೊಂಬೆ ಆರಿಸಿ ಕೌಂಟರಿಗೆ ಬಾಗಿದಳು. ಅವಳ ಜೋಳದ ಬಣ್ಣದ ಜಡೆ ಜಾರಿ ಬಿಲ್ ಬುಕ್ಕಿನ ಮೇಲೆ ಬಿತ್ತು. ಅನಂತರಾಜು ಜಡೆ ಮುಟ್ಟಲಿಲ್ಲ, ಬಿಲ್ ಬುಕ್ಕನ್ನೇ ಮೆಲ್ಲಗೆ ಎಳೆದುಕೊಂಡ. ಆ ಮೆಲ್ಲಗೆ ಇತ್ತಲ್ಲ, ಅದು ರಾಧಾಮಣಿಯ ಎದೆಗೆ ಬಿಸಿ ಅರಗಿನಂತೆ ಅಂಟಿತು.

ಟೆಲಿಫೋನ್ ವೈರು ಷೆಡ್ಡಿನ ಗೋಡೆಯಲ್ಲೇ ಹಾದು ಅಂಗಡಿಗೆ ಹೋಗಿತ್ತು. ಅವಳು ಪಿನ್ನು ಹಿಡಿದು ಕಿತ್ತುಬಿಟ್ಟಳು. ಮೆಷಿನ್ನು ಸತ್ತರೆ ಹೆಲೆನ್ ಪರ್ಸು ತೆಗೆದು ನೋಟು ಕೊಟ್ಟು ಹೊರಡುತ್ತಾಳೆ. ಪರ್ಸು ಎಂದಮೇಲೆ ಅದರಲ್ಲಿ ನೋಟಿಲ್ಲದೆ ಇರುತ್ತದೆಯೇ?

ಹೆಲೆನ್ ಪರ್ಸಿನಲ್ಲಿ ಇರಲಿಲ್ಲ. ಇದ್ದದ್ದು ನೂರರ ಒಂದು ನೋಟು, ಎರಡು ಕಾರ್ಡು.

ಅನಂತರಾಜು ಕಾರ್ಡನ್ನು ಷರಟಿಗೆ ಒರೆಸಿ ಐದು ಸಲ ಉಜ್ಜಿದ. ಹೆಲೆನ್ ಸ್ಟೂಲಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಎರಡನೇ ಕಾಫಿ ಕುಡಿದಳು. ಹನ್ನೆರಡು ಹೊಡೆಯಿತು. ಏಳು ಸಾವಿರದ ವ್ಯಾಪಾರ ಕೈಬಿಟ್ಟರೆ ಸಂಬಳದಲ್ಲಿ ಹಿಡಿಯುತ್ತೇನೆಂದು ವೆಂಕಟಯ್ಯನವರು ಗದರಿ, ಮೇಡಂ ಬಾಡಿಗೆಗೆ ತಂದಿದ್ದ ಸ್ಕೂಟರಿನಲ್ಲೇ ಅವರನ್ನು ರಾಮನಗರದ ಎಟಿಎಂಗೆ ಕರೆದುಕೊಂಡು ಹೋಗುವಂತೆ ಅನಂತರಾಜುವಿಗೆ ಹೇಳಿದರು. ಹೆಲೆನ್ ಖುಷಿಯಿಂದ ತಲೆಗೆ ಸ್ಕಾರ್ಫು ಕಟ್ಟಿಕೊಂಡಳು.

ಸ್ಕೂಟರು ಸ್ಟಾರ್ಟಾಯಿತು. ಹೆಲೆನ್ ಹಿಂದೆ ಕೂರಲು ಅವನ ಭುಜದ ಮೇಲೆ ಕೈಯಿಟ್ಟಳು.

"ವೈರು ಕಿತ್ತಿದ್ದು ನಾನೇ," ಎಂದಳು ರಾಧಾಮಣಿ. ಅಂಗೈ ತುಂಬ ಕೆಂಪು ಅರಗು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅನಂತರಾಜು ಸ್ಕೂಟರು ಆಫ್ ಮಾಡಿದ. "ಯಾಕೆ?"

"ಅವ್ರು ಬಂದ್ರೆ ನಗ್ತೀಯಲ್ಲ, ಅದ ನೋಡಕ್ಕಾಗ್ದೆ. ನೀನೂ ಇಂಗ್ಲೆಂಡಿನೋನೇ ಕಣಪ್ಪ. ಮಾತು ಇವತ್ತು, ತೀರ್ಸೋದು ಮುಂದಿನ್ ತಿಂಗ್ಳು. ನಾಕ್ ಗಂಟೆಗೆ ನನ್ನ ಕೊಟ್ಬುಡ್ತಾರೆ. ಆಮೇಕೆ ಯಾವ್ ತಿಂಗ್ಳು ಬತ್ತೀಯ?"

ಅವಳೇನೆಂದಳು ಎಂದು ಹೆಲೆನ್ ಕೇಳಿದಳು. ಅನಂತರಾಜು ಕಿವಿ ಕೆಂಪಗೆ ಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದ.

ಹೆಲೆನ್ ನಗಲಿಲ್ಲ. ಬರ್ಲಿನ್ನಿನ ಹೋಟೆಲೊಂದರಲ್ಲಿ ಊಟ ಮುಗಿಸಿ ಕಾರ್ಡು ಕೊಟ್ಟರೆ, ಮಾಣಿ ಹಳೇ ಬಸ್ ಟಿಕೆಟ್ಟು ನೋಡಿದಂತೆ ನೋಡಿದನಂತೆ. ಪಾಸ್‌ಪೋರ್ಟು ಅಡವಿಟ್ಟು ನೋಟಿಗಾಗಿ ಊರೆಲ್ಲ ಓಡಿದ್ದಳಂತೆ. ಈ ದಾರಿಯಲ್ಲಿ ತನ್ನ ಕಾರ್ಡಿಗೆ ಮರ್ಯಾದೆ ಸಿಕ್ಕಿದ್ದು ಇದೊಂದು ಅಂಗಡಿಯಲ್ಲಿ. ತಾನು ಮೂರು ಸಲ ಬಂದದ್ದು ಆ ಮೆಷಿನ್ನಿಗಾಗಿ, ಹುಡುಗನಿಗಾಗಿ ಅಲ್ಲ ಎಂದು ಹೇಳು ಎಂದಳು. ಅನಂತರಾಜು ಒಂದಕ್ಷರ ಬಿಡದೆ ಹೇಳಿದ.

ಆಮೇಲೆ ಸ್ಕೂಟರಿನ ಕೀಯನ್ನು ಹೆಲೆನ್ ಕೈಗಿತ್ತ. "ಯಜಮಾನ್ರೇ, ಪಿನ್ನು ಸಿಗ್ಸಿ ಕಾರ್ಡು ನೀವೇ ಉಜ್ಜಿ. ನಾನು ಒಸಿ ಹೋಗ್ಬತ್ತೀನಿ."

ರಾಧಾಮಣಿ ಜೊತೆಗೇ ಹೊರಟಳು. ಬೀದಿಯ ತಿರುವಿನಲ್ಲಿ ಅವನ ನಡಿಗೆ ನಿಧಾನವಾಯಿತು. "ರಷ್ಷು ಅಂದಿದ್ದೆಲ್ಲ ಸುಳ್ಳು ಕಣೆ," ಎಂದ. "ನಿಮ್ಮಜ್ಜಿ ಆಗಲ್ಲ ಅಂದ್ಬುಟ್ರೆ ಅಂತ ಭಯ."

"ಆಗಲ್ಲ ಅಂದ್ರೂ ಇವತ್ತೇ ಅನ್ಲಿ," ಎಂದು ಅವಳು ಅರಗಿನ ಕೈಯಿಂದಲೇ ಅವನ ತೋಳು ಹಿಡಿದು ಎಳೆದಳು. ಬಿಳಿ ಷರಟಿನ ಮೇಲೆ ಐದು ಬೆರಳೂ ಕೆಂಪಗೆ ಮೂಡಿದವು.

ಸಿದ್ದಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಳಗಿನಿಂದ ಧಡ್ ಧಡ್ ಎಂದು ಕುಟ್ಟುವ ಸದ್ದು ಬರುತ್ತಿತ್ತು. ಅಜ್ಜಿ ತಲೆಯೆತ್ತಿ ಮೊದಲು ಷರಟು ನೋಡಿದಳು, ಆಮೇಲೆ ಮೊಮ್ಮಗಳ ಕೈ, ಕೊನೆಗೆ ಅವನ ಮುಖ.

"ಯಾರಪ್ಪ ನೀನು?"

"ಮಾಗಡಿ ಕಡೆ ಹನುಮಂತಯ್ಯನ ಮಗ. ಅನಂತರಾಜು ಅಂತ." ಕೆನ್ನೆಯಲ್ಲಿ ಗುಳಿ ಇರಲಿಲ್ಲ. ರಾಧಾಮಣಿಗೆ ಅವನು ಯಾವತ್ತೂ ಅಷ್ಟು ಚೆಂದ ಕಂಡಿರಲಿಲ್ಲ. "ಅಜ್ಜಿ, ರಾಧಾಮಣೀನ ನಂಗೆ ಕೊಡಿ."

ಅಜ್ಜಿಯ ಬೆರಳಿನಲ್ಲಿ ಅರೆ ಸುಲಿದ ಕಾಯಿ ನಿಂತಿತು. ಬಾಗಿಲ ಕಡೆ ಗದ್ದವೆತ್ತಿದಳು.

"ಒಸಿ ಗಟ್ಟಿಯಾಗ್ ಹೇಳಪ್ಪ. ನನ್ ಸೊಸೆ ಮುನಿರತ್ನಮ್ಮ ಸೋಲೂರಿನೋರ ಪಾಯ್ಸಕ್ಕೆ ಬೆಲ್ಲ ಕುಟ್ತಾವ್ಳೆ. ಕೇಳುಸ್ದ್ರೆ ನಿಲ್ಲುಸ್ತಾಳೆ."

ಅನಂತರಾಜು ಉಸಿರೆಳೆದುಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದ. ಒಳಗೆ ಕುಟ್ಟುವ ಸದ್ದು ನಿಂತಿತು.