ಇಪ್ಪತ್ತೆಂಟು ಗಂಟೆಯ ಸೊಸೆ

ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕುಳಿತಿದ್ದರು. ಲನೆಟ್ ಬಡಿಸುವ ನಡುವೆ ಎರಡು ಸಲ ಕುರ್ಚಿಗೆ ಕುಸಿದಳು. ಲೋಟದ ಮಂಜುಗಡ್ಡೆಯನ್ನು ಬಾಯಿಗೆ ಹಾಕಿಕೊಂಡು ಕಟಕಟನೆ ಅಗಿದಳು. ಅವಳ ಅತ್ತೆ ವರ್ಡೆಲ್ ಟಾಲಿವರ್ ಕೈಲಿದ್ದ ಚಮಚ ಕೆಳಗಿಟ್ಟಳು.

"ನನಗೆ ಅರವತ್ತೇಳು. ದಿನವಿಡೀ ಇಸ್ತ್ರಿ ಯಂತ್ರದ ಮುಂದೆ ನಿಂತಿರ್ತೀನಿ. ನಲವತ್ತಕ್ಕೇ ನೀನು ಹೀಗೆ ಕುಕ್ಕರಿಸಿದ್ರೆ ನನ್ನ ಮಗನ ಗತಿ ಏನಮ್ಮಾ?"

ಲನೆಟ್ ಒಲೆಯಲ್ಲಿದ್ದ ಮೆಕ್ಕೆಜೋಳದ ಬ್ರೆಡ್ ತರಲು ಎದ್ದಳು. ಎರಡು ಹೆಜ್ಜೆ ಇಟ್ಟಿರಬೇಕು, ಅಷ್ಟೇ... ನೆಲಕ್ಕೆ ಕುಸಿದುಬಿದ್ದಳು. ಗಂಡ ಕೆಲ್ವಿನ್ ಓಡಿಬಂದು ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಕಣ್ಣು ಬಿಟ್ಟವಳು ಮೊದಲು ಆಡಿದ ಮಾತು ಒಂದೇ: "ಆಸ್ಪತ್ರೆ ಬೇಡ ಕೆಲ್ವಿನ್... ನಿನ್ನ ದಮ್ಮಯ್ಯ, ಬೇಡ."

ಅವನು ಕೇಳಲಿಲ್ಲ. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಅವಳಿಗೆ ಎರಡು ಬಾಟಲಿ ರಕ್ತ ಕೊಟ್ಟರು. ಗರ್ಭಕೋಶದಲ್ಲಿ ಗಡ್ಡೆಗಳಿವೆ, ಎರಡು ವರ್ಷದಿಂದ ತಿಂಗಳು ತಿಂಗಳೂ ರಕ್ತ ಹರಿದು ಮೈಯಲ್ಲಿ ಅರ್ಧಕ್ಕರ್ಧ ಉಳಿದಿಲ್ಲ, ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದು ಡಾಕ್ಟರಮ್ಮ ಹೇಳಿದಳು. ಆದರೆ ಅದು ತುರ್ತು ಕೋಣೆಯಲ್ಲಿ ಮಾಡುವ ಕೆಲಸವಲ್ಲ. ಬೇರೆ ಡಾಕ್ಟರರನ್ನು ನೋಡಿ ದಿನ ಗೊತ್ತುಮಾಡಿಕೊಳ್ಳಬೇಕು. ವಿಮೆ ಯಾವುದಿದೆ ಎಂದು ಆಕೆ ಕೇಳಿದಾಗ ಕೆಲ್ವಿನ್ ನೆಲ ನೋಡಿದ. ಅವನು ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಾನೆ. ಕಂಪನಿಯ ಕಾಗದದಲ್ಲಿ ಅವನು ನೌಕರನಲ್ಲ, ಗುತ್ತಿಗೆದಾರ. ಸ್ವಂತವಾಗಿ ವಿಮೆ ಕೊಳ್ಳಲು ವರ್ಷಕ್ಕೊಮ್ಮೆ ಕೆಲವು ವಾರ ಮಾತ್ರ ಬಾಗಿಲು ತೆರೆಯುತ್ತದೆ. ಕಳೆದ ಚಳಿಗಾಲ ಲಾರಿಯ ಎಂಜಿನ್ ಕೆಟ್ಟು ಕುಳಿತಿತ್ತು, ಕಂತಿಗೆ ದುಡ್ಡು ಹೊಂದಿಸುವಷ್ಟರಲ್ಲಿ ಬಾಗಿಲು ಮುಚ್ಚಿಹೋಯಿತು.

ಲನೆಟ್‌ಗೆ ಎಲ್ಲ ಮೊದಲೇ ಗೊತ್ತಿತ್ತು. ಒಂದೂವರೆ ವರ್ಷದ ಹಿಂದೆ ಧರ್ಮದ ಕ್ಲಿನಿಕ್ಕಿನಲ್ಲಿ ಹೇಳಿದ್ದರು. ಮನೆಯಲ್ಲಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಅತ್ತೆ ಸೊಸೆ ಇಬ್ಬರೂ ದುಡಿಯುತ್ತಿದ್ದುದು ಒಂದೇ ಕಡೆ: ಅಲಬಾಮಾದ ನಮ್ಮೂರಿನ ಅಂಚಿನಲ್ಲಿ, ಸುತ್ತಲಿನ ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ. ವರ್ಡೆಲ್‌ಗೆ ಅಲ್ಲಿ ಮೂವತ್ತೊಂದು ವರ್ಷ, ವಾರಕ್ಕೆ ನಲವತ್ತು ಗಂಟೆ. ಆಮೇಲೆ ಸೇರಿದವರಿಗೆಲ್ಲ ಇಪ್ಪತ್ತೆಂಟು. ಮೂವತ್ತು ಮುಟ್ಟಿದರೆ ವಿಮೆ ಕೊಡಬೇಕಾಗುತ್ತದೆಂದು ಗುರುವಾರ ಮಧ್ಯಾಹ್ನಕ್ಕೇ ಅವರನ್ನು ಮನೆಗೆ ಕಳಿಸಿಬಿಡುತ್ತಿದ್ದರು. ವರ್ಡೆಲ್ ಮಾತ್ರ ಅದನ್ನು ಬೇರೆ ಥರ ತಿಳಿದಿದ್ದಳು. ಕೆಲಸ ಬಲ್ಲವರಿಗೆ ಗಂಟೆ ತಾನಾಗಿ ಸಿಗುತ್ತದೆ, ಸಿಗದವರು ಮೈಗಳ್ಳರು ಎನ್ನುವುದು ಆಕೆಯ ನಂಬಿಕೆ. ಗುರುವಾರ ಬೇಗ ಬರುವ ಸೊಸೆಯನ್ನು ನೆರೆಯವರ ಎದುರೇ "ನಮ್ಮನೆ ಮಹಾರಾಣಿ" ಎಂದು ಕುಟುಕಿದ್ದೂ ಉಂಟು.

ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತು ವರ್ಡೆಲ್ ಕೇಳಿದಳು. "ಹೆಚ್ಚು ಗಂಟೆ ಕೊಡಿ ಅಂತ ಯಾಕೆ ಕೇಳ್ಲಿಲ್ಲ ನೀನು?"

"ನಾಲ್ಕು ಸಲ ಬರೆದುಕೊಟ್ಟೆ ಅತ್ತೆ," ಎಂದಳು ಲನೆಟ್, ಕಣ್ಣು ತೆರೆಯದೆಯೇ. "ನಾಲ್ಕನೇ ಸಲ, ಇನ್ನೊಂದು ಸಲ ಕೇಳಿದ್ರೆ ಇರೋದೂ ಹೋಗುತ್ತೆ ಅಂದ್ರು."

ಮನೆಗೆ ಬರುವ ದಾರಿಯುದ್ದಕ್ಕೂ ವರ್ಡೆಲ್ ಕಾರಿನ ಹಿಂದಿನ ಸೀಟಿನಲ್ಲಿ ಲೆಕ್ಕ ಹಾಕುತ್ತಾ ಕುಳಿತಳು. ತನಗೆ ಮುದುಕರಿಗೆಂದು ಸರ್ಕಾರ ಕೊಡುವ ವಿಮೆ ಇದೆ. ಲಾಂಡ್ರಿಯ ವಿಮೆ ಬೇಕಾಗಿಯೇ ಇಲ್ಲ. ಆದರೂ ಎರಡು ವರ್ಷದಿಂದ ಕಂಪನಿ ನಿವೃತ್ತಿ ತೆಗೆದುಕೋ ಎನ್ನುತ್ತಿದ್ದರೂ ಆಕೆ ಜಗ್ಗಿರಲಿಲ್ಲ. ಗಂಡ ಸತ್ತ ಮೇಲೆ ಆಕೆಯನ್ನು ನಿಲ್ಲಿಸಿದ್ದೇ ಆ ಕೆಲಸ. ಆ ಯಂತ್ರದ ಮುಂದೆ ಆಕೆ ಯಾರದೋ ವಿಧವೆಯಲ್ಲ, ಯಾರದೋ ತಾಯಿಯಲ್ಲ... ಎಲ್ಲರೂ ಗೌರವದಿಂದ ಕರೆಯುವ ಮಿಸ್ ವರ್ಡೆಲ್!

ಮರುದಿನ ಆಕೆ ಮ್ಯಾನೇಜರ್ ಹ್ಯಾಸ್ಕೆಟ್‌ನ ಕೋಣೆಗೆ ಹೋದಳು. ನಿವೃತ್ತಿಯ ಮಾತೆತ್ತಿದ ಕೂಡಲೇ ಅವನ ಮುಖ ಅರಳಿತು. ತನ್ನ ಜಾಗ ಲನೆಟ್‌ಗೆ, ಅದೂ ಪೂರ್ತಿ ನಲವತ್ತು ಗಂಟೆ ಎಂದಾಗ ಮುದುಡಿತು. ಹಳಬರು ಬಿಟ್ಟ ಜಾಗವನ್ನು ಎರಡು ಭಾಗ ಮಾಡಿ ಇಬ್ಬರಿಗೆ ಹಂಚುವುದು ಮೇಲಿನವರ ಪದ್ಧತಿ, ತನ್ನ ಕೈಯಲ್ಲೇನೂ ಇಲ್ಲ ಎಂದ.

"ಹಾಗಾದ್ರೆ ಎಪ್ಪತ್ತೈದರ ತನಕ ಇಲ್ಲೇ ಇರ್ತೀನಿ," ಎಂದಳು ವರ್ಡೆಲ್. "ಎಲ್ಲರಿಗಿಂತ ಜಾಸ್ತಿ ಸಂಬಳ ನಂದೇ. ನಮ್ಮಮ್ಮ ತೊಂಬತ್ತಾರು ವರ್ಷ ಬದುಕಿದ್ಲು, ಮೇಲಿನವರಿಗೆ ಅದನ್ನೂ ಹೇಳಿ. ಲನೆಟ್ ಕಾಗದಕ್ಕೆ ರುಜು ಬಿದ್ದ ದಿನ ನನ್ನದಕ್ಕೂ ಬೀಳುತ್ತೆ."

ಸುದ್ದಿ ತಿಳಿದು ಮೊದಲು ಸಿಡಿದವಳು ಲನೆಟ್ಟೇ. ಅಡುಗೆಮನೆಯಲ್ಲಿ ಅತ್ತೆಯ ಎದುರು ನಿಂತಳು. ಹನ್ನೊಂದು ವರ್ಷದಲ್ಲಿ ಅವಳು ದನಿ ಎತ್ತಿದ್ದು ಅದೇ ಮೊದಲು.

"ಬೇಡ ಅತ್ತೆ. ನಾಳೆ ನೀವೇ ಅಂತೀರಾ, ಸೊಸೆ ನನ್ನ ಕೆಲಸ ಕಿತ್ಕೊಂಡ್ಲು ಅಂತ. ಆ ಮಾತು ಕೇಳ್ಕೊಂಡು ಬದುಕೋದಕ್ಕಿಂತ ಹೀಗೇ ಸಾಯ್ತೀನಿ."

"ಅಂತೀನಿ, ನನ್ನ ನಾಲಿಗೆ ನನಗೆ ಗೊತ್ತಿಲ್ವಾ?" ಎಂದಳು ವರ್ಡೆಲ್. "ಅಂದಾಗ ತಿರುಗಿ ಬಯ್ಯಿ. ಆದ್ರೆ ಬಯ್ಯೋಕೆ ನೀನು ಇರ್ಬೇಕಲ್ಲ... ಒಂದೇ ಹಬೆಯಲ್ಲಿ ಕೆಲಸ ಮಾಡಿದ್ವಿ. ನೀನು ಗೋಡೆ ಹಿಡ್ಕೊಂಡು ನಡೆಯೋದು ಕಂಡೆ. ಕಂಡೂ ಸೋಮಾರಿ ಅಂದೆ. ಈ ಪಾಪ ತಲೆ ಮೇಲೆ ಇಟ್ಕೊಂಡು ಯಾವ ಮುಖದಲ್ಲಿ ಚರ್ಚಿಗೆ ಹೋಗ್ಲಿ ಹೇಳು?"

ಸೊಸೆ ಅತ್ತಳು. ಅತ್ತೆ ಅಳಲಿಲ್ಲ, ಆದರೆ ತೊಳೆದ ಬಾಣಲೆಯನ್ನೇ ಮತ್ತೆ ಮತ್ತೆ ತೊಳೆಯುತ್ತಾ ನಿಂತಳು.

ಹ್ಯಾಸ್ಕೆಟ್ ಮೂರು ವಾರ ಸತಾಯಿಸಿದ. ಅಷ್ಟರಲ್ಲಿ ಹೊಸ ಆಸ್ಪತ್ರೆಯೊಂದರ ಬಟ್ಟೆ ಬರುವುದು ಗೊತ್ತಾಯಿತು. ಆ ಹಳೆಯ ಯಂತ್ರದ ಮರ್ಜಿ ಬಲ್ಲವಳು ವರ್ಡೆಲ್ ಒಬ್ಬಳೇ, ಆಕೆ ಕಲಿಸುವುದಾದರೆ ಲನೆಟ್‌ಗೆ ಮಾತ್ರ. ಕೊನೆಗೆ ಎರಡು ಕಾಗದಗಳಿಗೂ ಒಂದೇ ದಿನ ರುಜು ಬಿತ್ತು. ಅಷ್ಟಾದರೂ ಮುಗಿಯಲಿಲ್ಲ, ವಿಮೆ ಶುರುವಾಗಲು ಇನ್ನೂ ಅರವತ್ತು ದಿನ ಕಾಯಬೇಕಿತ್ತು. ಆ ಅರವತ್ತು ದಿನ ವರ್ಡೆಲ್ ಸೊಸೆಗೆ ಈರುಳ್ಳಿ ಹಾಕಿ ಹುರಿದ ಲಿವರ್ ತಿನ್ನಿಸಿದಳು, ಸೊಪ್ಪು ಬೇಯಿಸಿ ಹಾಕಿದಳು, ಕಬ್ಬಿಣಾಂಶದ ಮಾತ್ರೆ ನುಂಗುವವರೆಗೂ ಎದುರಿಗೇ ನಿಂತಳು. ಅಕ್ಟೋಬರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಗಡ್ಡೆಯಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಡಾಕ್ಟರ್ ಹೊರಗೆ ಬಂದು ಹೇಳಿದಾಗ ಕೆಲ್ವಿನ್ ಅಮ್ಮನ ಭುಜಕ್ಕೆ ಒರಗಿ ಮಗುವಿನಂತೆ ಬಿಕ್ಕಿದ.

ಡಿಸೆಂಬರಿಗೆ ಲನೆಟ್ ಮತ್ತೆ ಕೆಲಸಕ್ಕೆ ಹೋದಳು. ಕೆನ್ನೆಗೆ ಬಣ್ಣ ಮರಳಿತ್ತು. ಆದರೆ ಒಂದು ಸಂಜೆ ಊಟದ ಮುಂದೆ ತುತ್ತೆತ್ತದೆ ಕುಳಿತುಬಿಟ್ಟಳು. ಕೇಳಿದ್ದಕ್ಕೆ, ಜೊತೆಯ ಶರೋಂಡಾಳ ವಿಷಯ ಹೇಳಿದಳು. ಸಕ್ಕರೆ ಕಾಯಿಲೆಯ ಹುಡುಗಿ, ಇಪ್ಪತ್ತೆಂಟೇ ಗಂಟೆ, ಕೊಳ್ಳಲು ದುಡ್ಡಿಲ್ಲದೆ ಇನ್ಸುಲಿನ್ ಅರ್ಧರ್ಧ ಚುಚ್ಚಿಕೊಳ್ಳುತ್ತಿದ್ದಾಳೆ. ಅವಳೂ ಇನ್ನು ನಾಲ್ವರೂ ಸೇರಿ ಗಂಟೆ ಕೇಳಲು ಬೆಳಿಗ್ಗೆ ಹ್ಯಾಸ್ಕೆಟ್ ಹತ್ತಿರ ಹೋಗುತ್ತಾರಂತೆ, ಮುಂದೆ ನಿಂತು ಮಾತಾಡಲು ತನ್ನನ್ನು ಕರೆದಿದ್ದಾರೆ. ಆದರೆ ಈಗಷ್ಟೇ ಸಿಕ್ಕ ಕೆಲಸ... ಹೆದರಿಕೆಯಾಗುತ್ತದೆ ಎಂದಳು.

ಹೋಗಬೇಡ ಎಂದು ಕೆಲ್ವಿನ್ ಬಾಯಿ ತೆರೆದಿದ್ದ. ವರ್ಡೆಲ್ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದಳು.

"ನೀನು ಹಿಂದೆ ನಿಂತ್ಕೋ," ಎಂದಳು ಸೊಸೆಗೆ. "ಮಾತು ನಾನು ಆಡ್ತೀನಿ. ನನ್ನನ್ನ ಕೆಲಸದಿಂದ ತೆಗೆಯೋಕೆ ಅವನ ಕೈಲಿ ಇನ್ನಾಗಲ್ಲ."

ಬೆಳಿಗ್ಗೆ ಏಳಕ್ಕೆ, ಭಾನುವಾರ ಚರ್ಚಿಗೆ ಹಾಕುವ ಟೋಪಿ ಧರಿಸಿ, ಆಕೆ ಸೊಸೆಗಿಂತ ಮೊದಲೇ ಕಾರಿನಲ್ಲಿ ಕುಳಿತಿದ್ದಳು. ಲಾಂಡ್ರಿಯ ಅಂಗಳದಲ್ಲಿ ಐವರು ಹೆಂಗಸರು ಚಳಿಗೆ ಕೈ ಉಜ್ಜಿಕೊಳ್ಳುತ್ತಾ ಕಾದಿದ್ದರು. ವರ್ಡೆಲ್ ಮುಂದೆ ನಡೆದಳು. ಲನೆಟ್ ಹಿಂದೆ ನಿಲ್ಲಲಿಲ್ಲ. ಅತ್ತೆಯ ತೋಳು ಹಿಡಿದು ಪಕ್ಕದಲ್ಲೇ ಹೆಜ್ಜೆ ಹಾಕಿದಳು.